ಲಾರಿ ಎಂಜಿನ್ ಬದಲಾವಣೆ: ಇಂಧನ ಪಂಪಿನ ಆಯ್ಕೆ, ಕಾನೂನು ಮತ್ತು ಲೆಕ್ಕಾಚಾರ

ಸರಕು ಸಾಗಣೆಯ ವೆಚ್ಚದಲ್ಲಿ ಡೀಸೆಲ್ಲಿನದೇ ಸಿಂಹಪಾಲು ಎಂಬುದು ಸ್ವಂತ ಲಾರಿ ಇಟ್ಟುಕೊಂಡಿರುವ ಪ್ರತಿಯೊಬ್ಬ ವರ್ತಕರಿಗೂ ತಿಳಿದ ವಿಷಯ. ಆದರೆ ಎಂಜಿನ್ ಸವೆದು, ಅದನ್ನು ಇಳಿಸಿ ಬೇರೊಂದನ್ನು ಕೂರಿಸಬೇಕಾದ ಸಂದರ್ಭ ಬಂದಾಗ ಮಾಲೀಕರ ಗಮನವೆಲ್ಲ ಎಂಜಿನ್ನಿನ ಬೆಲೆಯ ಮೇಲೆಯೇ ನೆಲೆಸುತ್ತದೆ. ಆ ಎಂಜಿನ್ನಿಗೆ ಡೀಸೆಲ್ ಒದಗಿಸುವ ಪಂಪು ಯಾವ ಬಗೆಯದು, ಅದು ತಮ್ಮ ಲಾರಿಗೆ ಹೊಂದುತ್ತದೆಯೇ, ಅದನ್ನು ಕೂರಿಸಲು ಕಾನೂನಿನ ಅನುಮತಿ ಇದೆಯೇ ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಮೈಲೇಜು, ಹೊಗೆ ತಪಾಸಣೆ, ವಿಮೆ, ತೆರಿಗೆ ಈ ನಾಲ್ಕೂ ಆ ಪ್ರಶ್ನೆಗಳಿಗೆ ಸಿಗುವ ಉತ್ತರವನ್ನೇ ಅವಲಂಬಿಸಿವೆ. ಆದ್ದರಿಂದ ಇಂಜೆಕ್ಷನ್ ವ್ಯವಸ್ಥೆಗಳ ಬಗೆಗಳನ್ನೂ, ಅವುಗಳ ಗುಣದೋಷಗಳನ್ನೂ, ಬದಲಾವಣೆಗೆ ಸಂಬಂಧಿಸಿದ ಕಾನೂನು ಹಾಗೂ ಲೆಕ್ಕಪತ್ರದ ಅಂಶಗಳನ್ನೂ ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

1. ಇಂಜೆಕ್ಷನ್ ವ್ಯವಸ್ಥೆಯ ಕೆಲಸ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾದು ಕೆಂಡದಂತಾಗುತ್ತದೆ. ಆ ಕ್ಷಣದಲ್ಲಿ ಡೀಸೆಲ್ಲನ್ನು ಸೂಕ್ಷ್ಮ ಹನಿಗಳಾಗಿ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ ಎಂಬ ಮೂರು ಸಂಗತಿಗಳನ್ನು ನಿರ್ಧರಿಸುವುದೇ ಇಂಜೆಕ್ಷನ್ ವ್ಯವಸ್ಥೆಯ ಕೆಲಸ. ಒತ್ತಡ ಹೆಚ್ಚಿದಷ್ಟೂ ಹನಿಗಳು ಸಣ್ಣವಾಗುತ್ತವೆ. ಹನಿಗಳು ಸಣ್ಣವಾದಷ್ಟೂ ದಹನ ಪೂರ್ಣವಾಗುತ್ತದೆ. ಅರ್ಧ ಉರಿದ ಡೀಸೆಲ್ ಕಪ್ಪು ಹೊಗೆಯಾಗಿ ಹೊರಬರುತ್ತದೆ. ಹಾಗೆ ಹೊರಬರುವ ಹೊಗೆ ಮಾಲೀಕರು ದುಡ್ಡು ಕೊಟ್ಟು ತುಂಬಿಸಿದ ಇಂಧನವೇ ಆಗಿರುತ್ತದೆ.

2. ಬಳಕೆಯಲ್ಲಿರುವ ಮೂರು ಬಗೆಗಳು

(ಅ) ಇನ್‌ಲೈನ್ ಪಂಪು: ಹಳೆಯ ಲಾರಿಗಳಲ್ಲಿ ಎಂಜಿನ್ನಿನ ಪಕ್ಕದಲ್ಲಿ ಉದ್ದವಾಗಿ ಕುಳಿತಿರುವ ಪಂಪು ಇದು. ಪ್ರತಿಯೊಂದು ಸಿಲಿಂಡರಿಗೂ ಇದರಲ್ಲಿ ಪ್ರತ್ಯೇಕ ಪ್ಲಂಜರ್ ಮತ್ತು ಬ್ಯಾರಲ್ ಜೋಡಿ ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಎಲಿಮೆಂಟ್ ಎಂದು ಕರೆಯುತ್ತಾರೆ. ಆರು ಸಿಲಿಂಡರಿನ ಎಂಜಿನ್ನಿಗೆ ಆರು ಎಲಿಮೆಂಟುಗಳು. ಪ್ಲಂಜರಿನ ಮೇಲೆ ಓರೆಯಾಗಿ ಕೊರೆದ ಗಾಡಿ ಇದ್ದು, ರ‍್ಯಾಕ್ ಎಂಬ ದಂಡವು ಪ್ಲಂಜರನ್ನು ತಿರುಗಿಸಿದಂತೆಲ್ಲ ಡೀಸೆಲ್ಲಿನ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ. ರ‍್ಯಾಕನ್ನು ವೇಗಕ್ಕೆ ತಕ್ಕಂತೆ ಹತೋಟಿಯಲ್ಲಿಡುವುದು ಗವರ್ನರ್. ಸಾಮಾನ್ಯವಾಗಿ ಪಂಪಿನ ಕ್ಯಾಮ್ ಷಾಫ್ಟ್ ಎಂಜಿನ್ ಆಯಿಲ್‌ನಲ್ಲಿ ತೊಯ್ದಿರುವುದರಿಂದ ಇದು ಗಟ್ಟಿಮುಟ್ಟು. ಧೂಳು, ನೀರು, ಕಲಬೆರಕೆಗಳನ್ನು ಇತರ ಬಗೆಗಳಿಗಿಂತ ಹೆಚ್ಚು ಸಹಿಸಿಕೊಳ್ಳುತ್ತದೆ. ಜಿಲ್ಲಾ ಕೇಂದ್ರಗಳಲ್ಲಿರುವ ಪಂಪ್ ಸರ್ವಿಸ್ ಅಂಗಡಿಯಲ್ಲಿ ಬಿಚ್ಚಿ, ಎಲಿಮೆಂಟ್ ಮತ್ತು ಡೆಲಿವರಿ ವಾಲ್ವ್ ಬದಲಿಸಿ, ಟೆಸ್ಟ್ ಬೆಂಚಿನ ಮೇಲೆ ಕ್ಯಾಲಿಬ್ರೇಷನ್ ಮಾಡಿಸಬಹುದು.

ಈ ಪಂಪಿಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಆಡುಗೋಡಿಯ ಕಾರ್ಖಾನೆಯಿಂದ ದಶಕಗಳ ಕಾಲ ಡೀಸೆಲ್ ಪಂಪುಗಳನ್ನು ಒದಗಿಸಿತು. 2008ರಲ್ಲಿ ಆ ಸಂಸ್ಥೆಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತಾದರೂ ಗ್ಯಾರೇಜುಗಳಲ್ಲಿ ಇಂದಿಗೂ ‘ಮೈಕೋ ಪಂಪು’ ಎಂಬ ಮಾತೇ ಕೇಳಿಬರುತ್ತದೆ.

ಇನ್‌ಲೈನ್ ಪಂಪಿನ ಮಿತಿಯೆಂದರೆ ಒತ್ತಡ ಎಂಜಿನ್ನಿನ ವೇಗವನ್ನು ಅವಲಂಬಿಸಿರುವುದು. ಎಂಜಿನ್ ನಿಧಾನವಾಗಿ ತಿರುಗುವಾಗ, ಅಂದರೆ ಹೊರೆ ಹೊತ್ತು ಘಾಟಿ ಹತ್ತುವಾಗ, ಒತ್ತಡವೂ ತಗ್ಗುತ್ತದೆ. ಹೊಗೆ ಹೆಚ್ಚುವುದು ಆಗಲೇ.

(ಆ) ರೋಟರಿ ಪಂಪು: ಇದರಲ್ಲಿ ಎಲ್ಲ ಸಿಲಿಂಡರುಗಳಿಗೂ ಸೇರಿ ಒಂದೇ ಒತ್ತುವ ಭಾಗವಿದ್ದು, ತಿರುಗುವ ರೋಟರು ಸರದಿಯ ಪ್ರಕಾರ ಒಂದೊಂದು ಸಿಲಿಂಡರಿಗೂ ಡೀಸೆಲ್ ಹಂಚುತ್ತದೆ. ಗಾತ್ರ, ತೂಕ, ಬೆಲೆ ಮೂರೂ ಕಡಿಮೆ. ಆದ್ದರಿಂದ ಹಗುರ ವಾಣಿಜ್ಯ ವಾಹನಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೆಚ್ಚಾಗಿ ಬಳಕೆಗೆ ಬಂದಿತು. ಇದರ ಒಳಭಾಗಗಳಿಗೆ ಪ್ರತ್ಯೇಕ ಆಯಿಲ್ ಇಲ್ಲ. ಹಾಯ್ದುಹೋಗುವ ಡೀಸೆಲ್ಲೇ ಜಾರುವಿಕೆಯನ್ನು ಒದಗಿಸಬೇಕು. ಆ ಕಾರಣ ಡೀಸೆಲ್ಲಿನಲ್ಲಿ ನೀರು ಸೇರಿದರೆ ಅಥವಾ ಟ್ಯಾಂಕು ಬರಿದಾಗಿ ಪಂಪು ಒಣಗಿದರೆ ಇದು ಬೇಗ ಕೆಡುತ್ತದೆ. ಸೀಮೆಎಣ್ಣೆ ಬೆರೆತ ಡೀಸೆಲ್ ಇದಕ್ಕೆ ವಿಷವಿದ್ದಂತೆ.

(ಇ) ಕಾಮನ್ ರೈಲ್: ಇಲ್ಲಿ ಒತ್ತಡ ಹುಟ್ಟಿಸುವ ಕೆಲಸವನ್ನೂ, ಚಿಮ್ಮಿಸುವ ಕೆಲಸವನ್ನೂ ಬೇರ್ಪಡಿಸಲಾಗಿದೆ. ಅಧಿಕ ಒತ್ತಡದ ಪಂಪೊಂದು ‘ರೈಲ್’ ಎಂಬ ದಪ್ಪ ಕೊಳವೆಯಲ್ಲಿ ಡೀಸೆಲ್ಲನ್ನು ಸದಾ ಒತ್ತಡದಲ್ಲಿ ತುಂಬಿಡುತ್ತದೆ. ಯಾವ ಇಂಜೆಕ್ಟರ್ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಇಸಿಯು ಎಂಬ ವಿದ್ಯುನ್ಮಾನ ನಿಯಂತ್ರಕ ತೀರ್ಮಾನಿಸುತ್ತದೆ. ಎಂಜಿನ್ ನಿಧಾನವಾಗಿದ್ದರೂ ಒತ್ತಡ ಕುಗ್ಗದಿರುವುದೇ ಇದರ ಹಿರಿಮೆ. ಒಂದೇ ಸುತ್ತಿನಲ್ಲಿ ಮೊದಲು ಸ್ವಲ್ಪ, ನಂತರ ಮುಖ್ಯ ಪ್ರಮಾಣ ಎಂದು ಹಂತಹಂತವಾಗಿ ಚಿಮ್ಮಿಸಲು ಸಾಧ್ಯವಾಗುವುದರಿಂದ ಸದ್ದು ಕಡಿಮೆ, ಹೊಗೆ ಕಡಿಮೆ. ಲಾರಿಗಳಲ್ಲಿ ಇದನ್ನು 1995ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆ ಹಿನೊ ವಾಹನದಲ್ಲಿಯೂ, ಕಾರುಗಳಲ್ಲಿ 1997ರಲ್ಲಿ ಬಾಷ್ ಸಂಸ್ಥೆ ಆಲ್ಫಾ ರೋಮಿಯೊ 156ರಲ್ಲಿಯೂ ಬಳಕೆಗೆ ತಂದವು. ಆರಂಭದಲ್ಲಿ ಸುಮಾರು 1350 ಬಾರ್ ಇದ್ದ ಒತ್ತಡ, ಮುಂದಿನ ಪೀಳಿಗೆಗಳಲ್ಲಿ 1600, 1800, 2000 ಬಾರ್ ದಾಟಿ ಮೇಲೇರಿದೆ.

ಇಷ್ಟು ಒತ್ತಡವನ್ನು ತಡೆಯಬೇಕಾದರೆ ಒಳಭಾಗಗಳ ನಡುವಣ ಅಂತರ ಅತ್ಯಂತ ಸೂಕ್ಷ್ಮವಾಗಿರಬೇಕಾಗುತ್ತದೆ. ಕಣ್ಣಿಗೆ ಕಾಣದ ಕಸವೂ ಇಂಜೆಕ್ಟರನ್ನು ಕೆಡಿಸಬಲ್ಲದು. ದೋಷ ಪತ್ತೆಹಚ್ಚಲು ಸ್ಕ್ಯಾನರ್ ಬೇಕು. ರಿಪೇರಿಗೆ ಅಧಿಕೃತ ಕೇಂದ್ರ ಬೇಕು. ರಸ್ತೆಬದಿಯಲ್ಲಿ ಸ್ಪ್ಯಾನರ್ ಹಿಡಿದು ಬಗೆಹರಿಸುವ ಕೆಲಸವಲ್ಲ ಇದು.

3. ಮಾಲಿನ್ಯ ಮಾನದಂಡ ಮತ್ತು ಡೀಸೆಲ್ಲಿನ ಬದಲಾವಣೆ

ತಯಾರಕರು ಒಂದು ಬಗೆಯಿಂದ ಮತ್ತೊಂದಕ್ಕೆ ಸಾಗಿದ್ದು ಸ್ವಇಚ್ಛೆಯಿಂದಷ್ಟೇ ಅಲ್ಲ. ದೇಶದಾದ್ಯಂತ 2010ರಲ್ಲಿ ಭಾರತ್ ಸ್ಟೇಜ್-3, 2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-4, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡಗಳು ಜಾರಿಗೆ ಬಂದವು. ಬಿಎಸ್-3ರವರೆಗೆ ಇನ್‌ಲೈನ್ ಪಂಪು ನಿಭಾಯಿಸಿತು. ಬಿಎಸ್-4ರಲ್ಲಿ ಕಾಮನ್ ರೈಲ್ ವ್ಯಾಪಕವಾಯಿತು. ಬಿಎಸ್-6 ಲಾರಿಗಳಲ್ಲಿ ಎಂಜಿನ್, ಇಸಿಯು, ಹೊಗೆಯ ಮಸಿ ಹಿಡಿಯುವ ಶೋಧಕ, ಯೂರಿಯಾ ದ್ರಾವಣ ಬಳಸುವ ಶುದ್ಧೀಕರಣ ಘಟಕ ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದು, ಎಂಜಿನ್ನನ್ನು ಮಾತ್ರ ಪ್ರತ್ಯೇಕವಾಗಿ ಎಣಿಸುವಂತೆಯೇ ಇಲ್ಲ.

ಇದರೊಡನೆ ಡೀಸೆಲ್ಲೂ ಬದಲಾಯಿತು. ಬಿಎಸ್-2ರ ಡೀಸೆಲ್ಲಿನಲ್ಲಿ ಹತ್ತು ಲಕ್ಷಕ್ಕೆ 500 ಭಾಗದಷ್ಟಿದ್ದ ಗಂಧಕದ ಮಿತಿ ಬಿಎಸ್-3ರಲ್ಲಿ 350ಕ್ಕೆ, ಬಿಎಸ್-4ರಲ್ಲಿ 50ಕ್ಕೆ, ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಾರುಗುಣವೂ ತಗ್ಗುವುದರಿಂದ ತೈಲ ಕಂಪನಿಗಳು ಅದನ್ನು ಸರಿದೂಗಿಸುವ ಅಂಶಗಳನ್ನು ಬೆರೆಸುತ್ತವೆ. ಆದ್ದರಿಂದ ಮಾನ್ಯತೆ ಪಡೆದ ಬಂಕಿನ ಡೀಸೆಲ್ಲಿನಿಂದ ಹಳೆಯ ಪಂಪಿಗೂ ತೊಂದರೆಯಿಲ್ಲ. ಅಗ್ಗಕ್ಕೆ ಸಿಗುವ ಮೂಲ ತಿಳಿಯದ ‘ಡೀಸೆಲ್’ ಮಾತ್ರ ರೋಟರಿ ಪಂಪು ಹಾಗೂ ಕಾಮನ್ ರೈಲ್ ಎರಡಕ್ಕೂ ಅಪಾಯಕಾರಿ.

4. ಒಂದೇ ಎಂಜಿನ್, ನಾಲ್ಕು ಪಂಪುಗಳು

ಎಂಜಿನ್ ಒಂದೇ ಆಗಿದ್ದು ಪಂಪು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಕಮಿನ್ಸ್ ಸಂಸ್ಥೆಯ 5.9 ಲೀಟರ್ ಬಿ ಸರಣಿಯ ಎಂಜಿನ್ ಉತ್ತಮ ನಿದರ್ಶನ. 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಸಂಸ್ಥೆಯ ಜಮ್‌ಷೆಡ್‌ಪುರ ಕಾರ್ಖಾನೆಯ ಮೂಲಕ ಈ ಸರಣಿ ನಮ್ಮ ದೇಶದ ಲಾರಿಗಳಿಗೂ ಪರಿಚಿತ. ಅಮೆರಿಕದ ಡಾಡ್ಜ್ ರ‍್ಯಾಮ್ ಪಿಕಪ್ ವಾಹನಗಳಲ್ಲಿ ಇದೇ ಎಂಜಿನ್ನಿಗೆ 1989ರಿಂದ 1993ರವರೆಗೆ ಬಾಷ್ ವಿಇ ರೋಟರಿ ಪಂಪು, 1994ರಿಂದ 1998ರವರೆಗೆ ಪಿ7100 ಇನ್‌ಲೈನ್ ಪಂಪು, 1998ರ ನಡುಭಾಗದಿಂದ 2002ರವರೆಗೆ ವಿಪಿ44 ಎಂಬ ವಿದ್ಯುನ್ಮಾನ ರೋಟರಿ ಪಂಪು, 2003ರಿಂದ ಕಾಮನ್ ರೈಲ್ ಅಳವಡಿಕೆಯಾದವು.

ಈ ನಾಲ್ಕರ ಅನುಭವ ಪಾಠದಂತಿದೆ. ಪಿ7100 ಪಂಪಿಗೆ ವಿದ್ಯುನ್ಮಾನ ನಿಯಂತ್ರಕ ಬೇಕಿಲ್ಲದ ಕಾರಣ, ಎಂಜಿನ್ ಬದಲಾವಣೆ ಮಾಡುವವರು ಅಲ್ಲಿ ಇಂದಿಗೂ ಅದನ್ನು ಅರಸುತ್ತಾರೆ. ಅಂಥ ಎಂಜಿನ್ನನ್ನು ಕೂರಿಸಲು ವೈರಿಂಗ್ ಕೆಲಸ ಅತ್ಯಲ್ಪ. ಇದಕ್ಕೆ ವ್ಯತಿರಿಕ್ತವಾಗಿ ವಿಪಿ44 ಪಂಪಿಗೆ ಟ್ಯಾಂಕಿನ ಕಡೆಯಿಂದ ಡೀಸೆಲ್ ಪೂರೈಸುವ ಲಿಫ್ಟ್ ಪಂಪು ದುರ್ಬಲವಾದರೆ ಸಾಕು, ಬೆಲೆಬಾಳುವ ಮುಖ್ಯ ಪಂಪೇ ಸುಟ್ಟುಹೋಗುತ್ತಿತ್ತು. ತನ್ನನ್ನು ತಂಪಾಗಿಡಲೂ, ಜಾರಿಸಲೂ ಅದು ಡೀಸೆಲ್ಲನ್ನೇ ನಂಬಿತ್ತು. ಕಾಮನ್ ರೈಲ್ ಬಂದ ಮೇಲೆ ಸದ್ದೂ ಹೊಗೆಯೂ ತಗ್ಗಿದವು. ಆದರೆ ಇಂಜೆಕ್ಟರುಗಳ ಖರ್ಚು ಏರಿತು. ಕಬ್ಬಿಣದ ಎಂಜಿನ್ ಒಂದೇ ಆಗಿದ್ದರೂ ಅದನ್ನು ಸಾಕುವ ವೆಚ್ಚವನ್ನು ಪಂಪು ನಿರ್ಧರಿಸಿತೆಂಬುದು ಇದರ ತಾತ್ಪರ್ಯ.

5. ಎಂಜಿನ್ ಇಳಿಸುವಾಗ ಹೊಂದಾಣಿಕೆ

ಇನ್‌ಲೈನ್ ಪಂಪಿನ ಲಾರಿಗೆ ಅದೇ ಬಗೆಯ ಎಂಜಿನ್ ಕೂರಿಸುವಾಗ ಮೂರು ಸಂಗತಿಗಳನ್ನು ಪರೀಕ್ಷಿಸಬೇಕು. ಮೊದಲನೆಯದು, ಪಂಪಿನ ಗುರುತುಫಲಕದ ಮೇಲಿರುವ ಸಂಖ್ಯೆ ಆ ಎಂಜಿನ್ನಿನ ಅಶ್ವಶಕ್ತಿಗೂ ಟರ್ಬೊಗೂ ತಕ್ಕುದಾಗಿರಬೇಕು. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಪಂಪುಗಳ ಪ್ಲಂಜರ್ ವ್ಯಾಸ ಬೇರೆಬೇರೆ ಇರಬಹುದು. ಟರ್ಬೊ ಇಲ್ಲದ ಎಂಜಿನ್ನಿಗೆ ಟರ್ಬೊ ಎಂಜಿನ್ನಿನ ಪಂಪು ಜೋಡಿಸಿದರೆ ಗಾಳಿ ಸಾಲದೆ ಡೀಸೆಲ್ ಹೆಚ್ಚಾಗಿ, ಕಪ್ಪು ಹೊಗೆಯೂ ಪಿಸ್ಟನ್ ಕರಗುವ ಅಪಾಯವೂ ಉಂಟಾಗುತ್ತವೆ. ಎರಡನೆಯದು, ನಾಜಲ್‌ಗಳು ತಯಾರಕರು ಸೂಚಿಸಿದ ಸಂಖ್ಯೆಯವೇ ಆಗಿದ್ದು, ತೆರೆಯುವ ಒತ್ತಡವನ್ನು ಟೆಸ್ಟರಿನ ಮೇಲೆ ನೋಡಿರಬೇಕು. ಮೂರನೆಯದು ಟೈಮಿಂಗ್. ಪಂಪು ಕೂರಿಸುವಾಗ ಒಂದೆರಡು ಡಿಗ್ರಿ ತಪ್ಪಿದರೂ ಮೈಲೇಜು ಕುಸಿಯುತ್ತದೆ, ಇಲ್ಲವೇ ಎಂಜಿನ್ ಬಡಿಯತೊಡಗುತ್ತದೆ.

ರೋಟರಿ ಪಂಪಿನ ವಾಹನದಲ್ಲಿ ಇವುಗಳ ಜೊತೆಗೆ ಟ್ಯಾಂಕು, ನೀರು ಬೇರ್ಪಡಿಸುವ ಫಿಲ್ಟರು ಮತ್ತು ಹೀರುವ ಪೈಪಿನ ಗಾಳಿಸೋರಿಕೆಯನ್ನು ನೋಡಬೇಕು.

ಕಾಮನ್ ರೈಲ್ ಎಂಜಿನ್ನಿನ ಸಂಗತಿ ಇನ್ನೂ ಸೂಕ್ಷ್ಮ. ಬಳಸಿದ ಎಂಜಿನ್ ಕೊಳ್ಳುವವರು ಎಂಜಿನ್ನಿನ ಜೊತೆಗೆ ಇಸಿಯು, ವೈರಿಂಗ್ ಹಾರ್ನೆಸ್, ಸೆನ್ಸರುಗಳು, ಆಕ್ಸಿಲರೇಟರ್ ಪೆಡಲ್ ಇವೆಲ್ಲ ಒಂದೇ ವಾಹನದಿಂದ ಬಂದಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಲವು ಇಂಜೆಕ್ಟರುಗಳ ತಲೆಯ ಮೇಲೆ ಸಂಕೇತವೊಂದು ಮುದ್ರಿತವಾಗಿರುತ್ತದೆ. ತಯಾರಿಕೆಯಲ್ಲಿ ಉಳಿದ ಅತಿ ಸಣ್ಣ ವ್ಯತ್ಯಾಸವನ್ನು ಸರಿದೂಗಿಸಲು ಆ ಸಂಕೇತವನ್ನು ಸ್ಕ್ಯಾನರಿನ ಮೂಲಕ ಇಸಿಯುಗೆ ದಾಖಲಿಸಬೇಕು. ಅದನ್ನು ಬಿಟ್ಟರೆ ಎಂಜಿನ್ ಓಡುತ್ತದೆ. ಆದರೆ ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಡೀಸೆಲ್ ಹೋಗಿ ನಡುಕವೂ ಹೊಗೆಯೂ ಉಳಿಯುತ್ತವೆ. ಹಳೆಯ ತುಕ್ಕು ಹಿಡಿದ ಟ್ಯಾಂಕನ್ನು ಶುಚಿ ಮಾಡದೆ ಹೊಸ ಇಂಜೆಕ್ಟರುಗಳನ್ನು ಜೋಡಿಸುವುದು ಹಣವನ್ನು ನೀರಿಗೆ ಹಾಕಿದಂತೆ.

6. ಕಾನೂನು ಏನು ಹೇಳುತ್ತದೆ?

ತಾಂತ್ರಿಕವಾಗಿ ಸಾಧ್ಯವಾದುದೆಲ್ಲ ಕಾನೂನುಬದ್ಧವಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಬೇರೆ ಇಂಧನಕ್ಕೆ, ಉದಾಹರಣೆಗೆ ಸಿಎನ್‌ಜಿಗೆ, ಅನುಮೋದಿತ ಕಿಟ್ ಅಳವಡಿಸಿ ಪರಿವರ್ತಿಸಲು ನಿಗದಿತ ಷರತ್ತುಗಳೊಂದಿಗೆ ಅವಕಾಶವಿದೆ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳುಳ್ಳ ಮಾಲೀಕರಿಗೆ, ರಾಜ್ಯ ಸರ್ಕಾರದ ಅಧಿಸೂಚನೆಯ ಷರತ್ತುಗಳಿಗೊಳಪಟ್ಟು, ‘ಅದೇ ತಯಾರಿಕೆ ಮತ್ತು ಅದೇ ಮಾದರಿ’ಯ ಎಂಜಿನ್ನನ್ನು ಪೂರ್ವಾನುಮೋದನೆ ಇಲ್ಲದೆ ಬದಲಿಸಲು ಅನುಮತಿ ನೀಡಬಹುದೆಂದೂ, ಹಾಗೆ ಬದಲಿಸಿದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕೆಂದೂ ಅದೇ ಪ್ರಕರಣ ಹೇಳುತ್ತದೆ. ಒಂದೆರಡು ಲಾರಿಗಳ ಮಾಲೀಕರು ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿಯನ್ನು ಮೊದಲೇ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಪ್ರಮಾಣಪತ್ರದಲ್ಲಿ ನಮೂದಿಸಿಕೊಳ್ಳುವುದೇ ಸುರಕ್ಷಿತ ಮಾರ್ಗ. ಲಾರಿ ಸಾಲದ ಮೇಲಿದ್ದರೆ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು.

ಮೂಲ ನಿರ್ದಿಷ್ಟತೆಗೆ ವಿರುದ್ಧವಾಗಿ ವಾಹನಗಳನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ, ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಕಾರಾಗೃಹವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಇನ್‌ಲೈನ್ ಪಂಪಿನ ಹಳೆಯ ಲಾರಿಗೆ ಬೇರೆ ಮಾದರಿಯ ಕಾಮನ್ ರೈಲ್ ಎಂಜಿನ್ ಕೂರಿಸಿ ಮೈಲೇಜು ಗಳಿಸುವ ಆಲೋಚನೆ, ಎಂಜಿನ್ ಎಷ್ಟೇ ಉತ್ತಮವಾಗಿದ್ದರೂ, ‘ಅದೇ ಮಾದರಿ’ ಎಂಬ ಷರತ್ತಿಗೆ ಸಲ್ಲುವುದಿಲ್ಲ. ಅದಕ್ಕಿಂತ ಗಂಭೀರವಾದುದು ಇದರ ವಿಲೋಮ. ಬಿಎಸ್-4 ಲಾರಿಯ ಇಂಜೆಕ್ಟರುಗಳು ಕೆಟ್ಟಾಗ ದುಬಾರಿ ರಿಪೇರಿಗೆ ಬೇಸತ್ತು, ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ ಕೂರಿಸುವಂತೆ ಸಲಹೆ ನೀಡುವವರಿದ್ದಾರೆ. ಹಾಗೆ ಮಾಡಿದ ಲಾರಿ ತನ್ನ ಮಾನದಂಡದಿಂದ ಹಿಂದಕ್ಕೆ ಜಾರುತ್ತದೆ. ಬಿಎಸ್-4ಕ್ಕೆ ಮುಂಚಿನ ಡೀಸೆಲ್ ವಾಹನಗಳಿಗೆ ಹೊಗೆ ತಪಾಸಣೆಯ ಮಿತಿ 65 ಹಾರ್ಟ್ರಿಜ್ ಯೂನಿಟ್. ಬಿಎಸ್-4 ವಾಹನಗಳಿಗೆ 50. ನೋಂದಣಿ ಪತ್ರದಲ್ಲಿ ಬಿಎಸ್-4 ಎಂದಿರುವ ಲಾರಿಯನ್ನು ಅಳೆಯುವುದು 50ರ ಮಿತಿಯಲ್ಲೇ. ಸಾಮರ್ಥ್ಯ ಪ್ರಮಾಣಪತ್ರದ ನವೀಕರಣ ಅಲ್ಲಿಯೇ ನಿಲ್ಲಬಹುದು.

ನಿಜವಾದ ಗಂಡಾಂತರ ಅಪಘಾತವಾದ ದಿನ ಎದುರಾಗುತ್ತದೆ. ಎಂಜಿನ್ ಸಂಖ್ಯೆ ನೋಂದಣಿ ಪತ್ರಕ್ಕೂ ವಿಮಾ ಪಾಲಿಸಿಗೂ ತಾಳೆಯಾಗದಿದ್ದರೆ ವಾಹನದ ಸ್ವಂತ ಹಾನಿಯ ಪರಿಹಾರವನ್ನು ವಿಮಾ ಕಂಪನಿ ಪ್ರಶ್ನಿಸುವುದು ಖಂಡಿತ. ಎಂಜಿನ್ನಿನಲ್ಲಿ ಉಳಿಸಿದ ಒಂದು ಲಕ್ಷ ರೂಪಾಯಿಗಾಗಿ ಇಡೀ ಲಾರಿಯ ಮೌಲ್ಯವನ್ನು ಪಣಕ್ಕಿಟ್ಟಂತಾಗುತ್ತದೆ. ಅಲ್ಲದೆ ಬಿಲ್ಲಿಲ್ಲದೆ ಕೊಂಡ ಎಂಜಿನ್ ಕಳವಿನ ವಾಹನದ್ದಾಗಿದ್ದರೆ ಕೊಂಡವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ.

7. ಲೆಕ್ಕ ಹೇಳುವುದೇನು?

ಕೆಳಗಿನ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಊಹಿಸಿಕೊಂಡವು. ಮಾಲೀಕರು ತಮ್ಮ ಲಾಗ್ ಪುಸ್ತಕದ ಅಂಕಿಗಳನ್ನು ಇವುಗಳ ಸ್ಥಾನದಲ್ಲಿಟ್ಟು ನೋಡಬೇಕು. ಡೀಸೆಲ್ ದರ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಲಾಗಿದೆ.

ಮೊದಲ ಉದಾಹರಣೆ: ರಿಕಂಡಿಷನ್ ಮಾಡಿದ ಎಂಜಿನ್ ಕೂರಿಸುವಾಗ ಹಳೆಯ ಪಂಪನ್ನೂ ನಾಜಲ್‌ಗಳನ್ನೂ ಹಾಗೆಯೇ ಜೋಡಿಸಿ, ಓವರ್‌ಹಾಲ್‌ನ 35,000 ರೂಪಾಯಿ ಉಳಿಸಲಾಯಿತು ಎನ್ನೋಣ. ಲಾರಿ ತಿಂಗಳಿಗೆ 5,000 ಕಿ.ಮೀ. ಓಡುತ್ತದೆ. ಪಂಪು ಸರಿಮಾಡಿಸಿದ್ದರೆ ಲೀಟರಿಗೆ 4.2 ಕಿ.ಮೀ. ಬರುತ್ತಿತ್ತು, ಮಾಡಿಸದ ಕಾರಣ 4 ಕಿ.ಮೀ. ಬರುತ್ತಿದೆ. ಬೇಕಾಗುವ ಡೀಸೆಲ್ ಕ್ರಮವಾಗಿ 1,190.5 ಮತ್ತು 1,250 ಲೀಟರ್. ವ್ಯತ್ಯಾಸ 59.5 ಲೀಟರ್, ಅಂದರೆ ತಿಂಗಳಿಗೆ 5,355 ರೂಪಾಯಿ. ಉಳಿಸಿದ 35,000 ರೂಪಾಯಿ ಆರೂವರೆ ತಿಂಗಳಲ್ಲಿ ಕರಗಿ, ಅಲ್ಲಿಂದಾಚೆಗೆ ಪ್ರತಿ ವರ್ಷ 64,000 ರೂಪಾಯಿಗೂ ಮಿಕ್ಕಿ ನಷ್ಟ.

ಎರಡನೆಯ ಉದಾಹರಣೆ: ಹಳೆಯ ಲಾರಿಗೆ ಅದೇ ಮಾದರಿಯ ಎಂಜಿನ್, ಪಂಪಿನ ಓವರ್‌ಹಾಲ್ ಸೇರಿ 3,00,000 ರೂಪಾಯಿ, ಮೈಲೇಜು 4.2. ಪರ್ಯಾಯವಾಗಿ ಹಳೆಯದನ್ನು ಮಾರಿ ಕಾಮನ್ ರೈಲ್ ಎಂಜಿನ್ನಿನ ಇತ್ತೀಚಿನ ಲಾರಿಯೊಂದನ್ನು ಕೊಂಡರೆ ಕೈಯಿಂದ ಹಾಕಬೇಕಾದ ನಿವ್ವಳ ಮೊತ್ತ 9,00,000 ರೂಪಾಯಿ, ಮೈಲೇಜು 4.7. ಹೆಚ್ಚುವರಿ ಹೂಡಿಕೆ 6,00,000 ರೂಪಾಯಿ. ಶೇಕಡ 10ರ ಬಡ್ಡಿಯನ್ನು ಸರಳವಾಗಿ ಇಡೀ ಮೊತ್ತದ ಮೇಲೆ ಹಾಕಿದರೆ ತಿಂಗಳಿಗೆ 5,000 ರೂಪಾಯಿ.

ತಿಂಗಳಿಗೆ 9,000 ಕಿ.ಮೀ. ಓಡುವ ಲಾರಿಯಲ್ಲಿ ಉಳಿಯುವ ಡೀಸೆಲ್ ಸುಮಾರು 228 ಲೀಟರ್, ಅಂದರೆ 20,520 ರೂಪಾಯಿ. ಬಡ್ಡಿ ಕಳೆದರೆ 15,520 ರೂಪಾಯಿ. ಹೂಡಿಕೆ ಸುಮಾರು 39 ತಿಂಗಳಲ್ಲಿ ಮರಳುತ್ತದೆ. 5,000 ಕಿ.ಮೀ. ಓಡಿದರೆ ಡೀಸೆಲ್ ಉಳಿತಾಯ ಸುಮಾರು 11,400 ರೂಪಾಯಿ, ಬಡ್ಡಿ ಕಳೆದು 6,400. ಹೂಡಿಕೆ ಮರಳಲು ಸುಮಾರು 94 ತಿಂಗಳು. ಗೋದಾಮಿನಿಂದ ಮಾರುಕಟ್ಟೆಗೆ ಓಡಾಡುತ್ತ ತಿಂಗಳಿಗೆ 2,500 ಕಿ.ಮೀ. ಮಾತ್ರ ಓಡುವ ಲಾರಿಯಲ್ಲಿ ಉಳಿತಾಯ 5,700 ರೂಪಾಯಿ. ಬಡ್ಡಿ ಕಳೆದರೆ ಕೈಯಲ್ಲುಳಿಯುವುದು ಕೇವಲ 700 ರೂಪಾಯಿ. ಒಂದು ಇಂಜೆಕ್ಟರಿನ ರಿಪೇರಿ ಬಂದರೂ ಅದು ಸಾಲದು.

ಇತ್ತೀಚಿನ ಲಾರಿಯ ಉಳಿದ ಆಯುಷ್ಯವೂ ಮರುಮಾರಾಟದ ಬೆಲೆಯೂ ಹೆಚ್ಚೆಂಬುದು ಈ ಲೆಕ್ಕದಲ್ಲಿ ಸೇರಿಲ್ಲ. ಅಂತೆಯೇ 15 ವರ್ಷ ದಾಟಿದ ವಾಹನದ ಸಾಮರ್ಥ್ಯ ಪರೀಕ್ಷೆಯ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಗಣನೀಯವಾಗಿ ಹೆಚ್ಚಿಸಲಾಗಿರುವುದರಿಂದ, ಲಾರಿಯ ವಯಸ್ಸು ಆ ಗಡಿಗೆ ಹತ್ತಿರವಾಗಿದ್ದರೆ ಹೊಸ ಎಂಜಿನ್ನಿಗೆ ಹಣ ಸುರಿಯುವ ಮುನ್ನ ಉಳಿದ ವರ್ಷಗಳನ್ನು ಎಣಿಸಬೇಕು. ಒಟ್ಟಿನಲ್ಲಿ ಕಾಮನ್ ರೈಲ್ ಲಾಭದಾಯಕವೇ ಎಂಬ ಪ್ರಶ್ನೆಗೆ ಉತ್ತರ ಲಾರಿ ಓಡುವ ಕಿಲೋಮೀಟರುಗಳಲ್ಲಿದೆ.

8. ಆದಾಯ ತೆರಿಗೆ, ಜಿಎಸ್‌ಟಿ ಮತ್ತು ಲೆಕ್ಕಪತ್ರ

ಎಂಜಿನ್ನಿನ ವೆಚ್ಚವನ್ನು ಆ ವರ್ಷದ ಖರ್ಚೆಂದು ಪೂರ್ತಿ ಕಳೆಯಬಹುದೇ, ಅಥವಾ ಬಂಡವಾಳ ವೆಚ್ಚವೆಂದು ಸವಕಳಿ ಮಾತ್ರ ಪಡೆಯಬೇಕೇ ಎಂಬುದು ಪದೇ ಪದೇ ಏಳುವ ಪ್ರಶ್ನೆ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚ ‘ಚಾಲ್ತಿ ದುರಸ್ತಿ’. ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಚಾಲ್ತಿ ದುರಸ್ತಿಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ನಿರ್ಣಯಿಸಿದೆ. ಲಾರಿಯೇ ಆಸ್ತಿ, ಎಂಜಿನ್ ಅದರ ಭಾಗ ಎಂದು ಪರಿಗಣಿಸಿದರೆ, ಸವೆದ ಎಂಜಿನ್ನಿಗೆ ಬದಲಾಗಿ ಅದೇ ಮಾದರಿಯದನ್ನು ಕೂರಿಸಿ ಲಾರಿಯನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚವನ್ನು ದುರಸ್ತಿಯೆಂದು ಸಮರ್ಥಿಸಲು ಆಧಾರವಿದೆ. ಶಕ್ತಿ ಹೆಚ್ಚಿಸುವ ಅಥವಾ ಇಂಧನವನ್ನೇ ಬದಲಿಸುವ ವೆಚ್ಚಕ್ಕೆ ಆ ಸಮರ್ಥನೆ ದುರ್ಬಲ. ಬಸ್ಸುಗಳ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಅಳವಡಿಸಿದ ಮೀರ್ ಮೊಹಮ್ಮದ್ ಅಲಿ ಪ್ರಕರಣದಲ್ಲಿ, ವಾಹನದೊಳಗೆ ಕೂರಿಸಿದ ಎಂಜಿನ್ನೂ ‘ಯಂತ್ರ’ವೇ ಆಗಿದ್ದು ಹೆಚ್ಚುವರಿ ಸವಕಳಿಗೆ ಅರ್ಹವೆಂದು ಅದೇ ನ್ಯಾಯಾಲಯ 1964ರಲ್ಲಿ ಹೇಳಿತ್ತು.

ವ್ಯತ್ಯಾಸ ಸಣ್ಣದಲ್ಲ. 4,00,000 ರೂಪಾಯಿಯ ಎಂಜಿನ್ ದುರಸ್ತಿಯೆಂದು ಅಂಗೀಕೃತವಾದರೆ ಪೂರ್ತಿ ಕಳೆಯಬಹುದು. ಬಂಡವಾಳವೆಂದಾದರೆ ಸ್ವಂತ ಸರಕಿನ ಲಾರಿಗೆ ಶೇಕಡ 15ರಂತೆ 60,000, ಬಾಡಿಗೆಗೆ ಓಡುವ ಲಾರಿಗೆ ಶೇಕಡ 30ರಂತೆ 1,20,000 ರೂಪಾಯಿ ಮಾತ್ರ ಮೊದಲ ವರ್ಷ ಸಿಗುತ್ತದೆ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ.

ಹತ್ತಕ್ಕೆ ಮೀರದ ಸರಕು ವಾಹನಗಳಿದ್ದು, ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡ ಬಾಡಿಗೆ ಲಾರಿ ಮಾಲೀಕರಿಗೆ ಎಂಜಿನ್ನಿನ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ಒಟ್ಟು ತೂಕ 12,000 ಕಿಲೋ ಮೀರಿದ ವಾಹನಕ್ಕೆ ತಿಂಗಳಿಗೆ ಟನ್ನೊಂದಕ್ಕೆ 1,000 ರೂಪಾಯಿ, ಉಳಿದವಕ್ಕೆ ತಿಂಗಳಿಗೆ 7,500 ರೂಪಾಯಿ ಎಂಬ ಆ ಲೆಕ್ಕದಲ್ಲಿ ಸವಕಳಿಯೂ ದುರಸ್ತಿಯೂ ಸೇರಿಹೋಗಿವೆ. ಇನ್ನು ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ನೀಡಿದರೆ, ದುರಸ್ತಿಯಾದಲ್ಲಿ ಖರ್ಚನ್ನೇ ತಿರಸ್ಕರಿಸಲಾಗುತ್ತದೆ. ಬಂಡವಾಳವಾದಲ್ಲಿ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲ. ಹಳೆಯ ಎಂಜಿನ್ ಮಾರುಕಟ್ಟೆಯಲ್ಲಿ ನಗದು ವ್ಯವಹಾರವೇ ರೂಢಿಯಾಗಿರುವುದರಿಂದ ಈ ಎಚ್ಚರಿಕೆ ಅಗತ್ಯ.

ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ದರವನ್ನು ಶೇಕಡ 18ಕ್ಕೆ ಏಕರೂಪಗೊಳಿಸಲಾಗಿದೆ. ಸರಕು ಸಾಗಣೆ ವಾಹನಗಳಿಗೆ ಹೂಡುವಳಿ ತೆರಿಗೆ ಜಮೆಯ ನಿರ್ಬಂಧವಿಲ್ಲದ ಕಾರಣ, ನೋಂದಾಯಿತ ತಯಾರಕರು ತಮ್ಮ ಸ್ವಂತ ಲಾರಿಯ ಬಿಡಿಭಾಗ ಹಾಗೂ ದುರಸ್ತಿಯ ಮೇಲಿನ ತೆರಿಗೆಯನ್ನು ಜಮೆ ಪಡೆಯಬಹುದು. ಆದರೆ ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಪಡೆದಲ್ಲಿ ಜಮೆ ಇಲ್ಲ. ಶೇಕಡ 5ರ ದರವನ್ನು ಆರಿಸಿಕೊಂಡ ಸರಕು ಸಾಗಣೆ ಏಜೆನ್ಸಿಗಳಿಗೂ ಈ ಜಮೆ ದೊರೆಯದು.

ಲೆಕ್ಕಪತ್ರದಲ್ಲಿ ಎಂಜಿನ್ನನ್ನು ಬಂಡವಾಳೀಕರಿಸಿದರೆ, ತೆಗೆದುಹಾಕಿದ ಹಳೆಯ ಎಂಜಿನ್ನಿನ ಉಳಿಕೆ ಮೌಲ್ಯವನ್ನು ಪುಸ್ತಕದಿಂದ ಕಡಿಮೆ ಮಾಡುವುದು ಲೆಕ್ಕಪತ್ರ ಮಾನಕ 10ರ ಅವಶ್ಯಕತೆ. ಹಳೆಯ ಎಂಜಿನ್ ಮಾರಿದ ಹಣವನ್ನೂ ದಾಖಲಿಸಬೇಕು.

9. ಮಾಲೀಕರು ಗಮನಿಸಬೇಕಾದ ಅಂಶಗಳು

(1) ಎಂಜಿನ್ ಕೊಳ್ಳುವ ಮೊದಲು ನೋಂದಣಿ ಪತ್ರ ಹಿಡಿದು ಅದೇ ತಯಾರಿಕೆ, ಅದೇ ಮಾದರಿಯೇ ಎಂದು ತಾಳೆ ನೋಡಬೇಕು.
(2) ಬಳಸಿದ ಎಂಜಿನ್ನಿಗೆ ಎಂಜಿನ್ ಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲು, ಜೊತೆಗೆ ಮೂಲ ವಾಹನದ ನೋಂದಣಿ ರದ್ದಾದ ದಾಖಲೆ ಪಡೆಯಬೇಕು.
(3) ಪಂಪು ಮತ್ತು ನಾಜಲ್‌ಗಳ ಕ್ಯಾಲಿಬ್ರೇಷನ್ ವರದಿಯನ್ನು ಲಿಖಿತವಾಗಿ ಪಡೆಯಬೇಕು. ‘ಸೆಟ್ ಮಾಡಿದ್ದೇವೆ’ ಎಂಬ ಬಾಯಿಮಾತು ಸಾಲದು.
(4) ಕಾಮನ್ ರೈಲ್ ಆದರೆ ಇಸಿಯು, ಹಾರ್ನೆಸ್, ಇಂಜೆಕ್ಟರ್ ಸಂಕೇತಗಳ ದಾಖಲೆ ಮತ್ತು ಕೊನೆಯ ಸ್ಕ್ಯಾನರ್ ವರದಿ ಪಡೆಯಬೇಕು.
(5) ಟ್ಯಾಂಕು ಶುಚಿಗೊಳಿಸಿ, ಎಲ್ಲ ಡೀಸೆಲ್ ಫಿಲ್ಟರುಗಳನ್ನು ಬದಲಿಸಬೇಕು.
(6) ಸಾರಿಗೆ ಕಚೇರಿಯ ಅನುಮತಿ, ಸಾಲದಾತರ ಒಪ್ಪಿಗೆ, ವಿಮಾ ಪಾಲಿಸಿಯಲ್ಲಿ ಹೊಸ ಎಂಜಿನ್ ಸಂಖ್ಯೆಯ ನಮೂದು, ಈ ಮೂರೂ ಆಗುವವರೆಗೆ ಲಾರಿಯನ್ನು ಹೊರೆಗೆ ಕಳುಹಿಸಬಾರದು.
(7) ಹಣವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಪಾವತಿಸಬೇಕು.
(8) ಬದಲಾವಣೆಗೆ ಮುಂಚಿನ ಹಾಗೂ ನಂತರದ ಮೂರು ತಿಂಗಳ ಮೈಲೇಜನ್ನು ಲಾಗ್ ಪುಸ್ತಕದಲ್ಲಿ ಬರೆದಿಡಬೇಕು. ಪಂಪಿನ ದೋಷ ಮೊದಲು ಕಾಣಿಸಿಕೊಳ್ಳುವುದು ಆ ಅಂಕಿಗಳಲ್ಲಿಯೇ.

ಇನ್‌ಲೈನ್ ಪಂಪು ಹಳೆಯದೆಂಬ ಕಾರಣಕ್ಕೆ ತಿರಸ್ಕರಿಸಬೇಕಾದುದಲ್ಲ. ಕಾಮನ್ ರೈಲ್ ಹೊಸದೆಂಬ ಕಾರಣಕ್ಕೆ ಎಲ್ಲರಿಗೂ ಲಾಭ ತರುವುದೂ ಅಲ್ಲ. ಕಡಿಮೆ ಓಡುವ, ಕಚ್ಚಾ ರಸ್ತೆಯಲ್ಲಿ ದುಡಿಯುವ ಹಳೆಯ ಲಾರಿಗೆ ಅದೇ ಮಾದರಿಯ ಎಂಜಿನ್ನೂ, ಚೆನ್ನಾಗಿ ಕ್ಯಾಲಿಬ್ರೇಟ್ ಮಾಡಿದ ಅದರದೇ ಪಂಪೂ ಸೂಕ್ತ. ದೂರದ ಹೆದ್ದಾರಿಯಲ್ಲಿ ತಿಂಗಳಿಗೆ ಎಂಟು ಹತ್ತು ಸಾವಿರ ಕಿಲೋಮೀಟರು ಓಡಿಸುವವರು ಕಾಮನ್ ರೈಲ್ ಬಯಸಿದಲ್ಲಿ ಅದನ್ನು ಹೊಂದಿಯೇ ನೋಂದಣಿಯಾದ ಲಾರಿಯನ್ನು ಕೊಳ್ಳುವುದು ಉಚಿತ. ಇವೆರಡರ ನಡುವೆ ಒಂದರ ಚಾಸಿಸ್‌ಗೆ ಇನ್ನೊಂದರ ಎಂಜಿನ್ ಹಾಕಿ ಎರಡರ ಲಾಭವನ್ನೂ ಪಡೆಯುವ ಮಾರ್ಗ ಗ್ಯಾರೇಜಿನಲ್ಲಿ ಅಗ್ಗವಾಗಿ ಕಂಡರೂ, ಸಾರಿಗೆ ಕಚೇರಿಯಲ್ಲಿಯೋ ವಿಮಾ ಕಚೇರಿಯಲ್ಲಿಯೋ ಅದರ ಪೂರ್ಣ ಬೆಲೆಯನ್ನು ತೆರಬೇಕಾಗುತ್ತದೆ.